15 ದಿನದಲ್ಲಿ ಉಗಾಂಡಕ್ಕೆ ಹೊರಡಬೇಕು, ಯಾವ ಕೆಲಸ ಮೊದಲು?

ಪಿ.ಬಿ.ರೋಡ್ ಫಿಟ್ಟರ್ (ದಾವಣಗೆರೆ):
ಎಲ್ರಿಗೂ ನಮಸ್ಕಾರ. ನಮ್ಮ ಕಂಪನಿ ಕಳಿಸಿದ್ದ ಮೆಕ್ಕೆಜೋಳದ ಹಿಟ್ಟಿನ ಮಿಲ್ ಕಂಪಾಲಾ ಹತ್ತಿರ ಕೆಟ್ಟು ನಿಂತಿದೆ, ಹೋಗಿ ಸರಿ ಮಾಡಿ ಬಾ ಅಂದಿದ್ದಾರೆ. 15 ದಿನ ಇದೆ. ಪಾಸ್‌ಪೋರ್ಟ್ ಇದೆ, ಇನ್ನೂ ಒಂದು ಸೀಲೂ ಬಿದ್ದಿಲ್ಲ. ಟಿಕೆಟ್ ಇವತ್ತೇ ಬುಕ್ ಮಾಡ್ತೀವಿ ಅಂತಿದೆ ಆಫೀಸು. ಇಂಜೆಕ್ಷನ್, ವೀಸಾ, ದುಡ್ಡು, ಟೂಲ್ಸು, ಯಾವುದು ಮೊದಲು ಮಾಡ್ಲಿ? ಜನ ಎಲ್ಲಿ ಸಿಕ್ಕಿಹಾಕ್ಕೊಳ್ತಾರೆ?

ಕೋಟೆನಾಡು (ಚಿತ್ರದುರ್ಗ):
ಟಿಕೆಟ್ ಇವತ್ತು ಬೇಡ ಅಂತ ಹೇಳ್ರಿ. ಮೊದಲು ಹಳದಿ ಜ್ವರದ ಇಂಜೆಕ್ಷನ್, ಉಳಿದದ್ದೆಲ್ಲ ಅದರ ಹಿಂದೆ. ಹಾಕಿಸಿಕೊಂಡು 10 ದಿನ ಆದ ಮೇಲಷ್ಟೇ ಅಲ್ಲಿ ಕೊಡೋ ಕಾರ್ಡಿಗೆ (ಇಂಜೆಕ್ಷನ್ ಸರ್ಟಿಫಿಕೇಟು) ಬೆಲೆ. ಉಗಾಂಡದ ಇ-ವೀಸಾ ಅರ್ಜಿಗೆ ಅದೇ ಕಾರ್ಡಿನ ಸ್ಕ್ಯಾನ್ ಕಾಪಿ ಹಾಕಬೇಕು. ಅಂದ್ರೆ ಇಂಜೆಕ್ಷನ್ ಒಂದು ದಿನ ತಡವಾದ್ರೆ ವೀಸಾ, ಟಿಕೆಟ್ ಎರಡೂ ಒಂದೊಂದು ದಿನ ತಡವಾಗುತ್ತವೆ. ನಿಮ್ಮ 15 ದಿನದಲ್ಲಿ ಕೈಗೆ ಸಿಗೋದು ನಾಲ್ಕೈದು ದಿನ ಮಾತ್ರ.

ಊರಿನ ಕ್ಲಿನಿಕ್ಕಿನ ಚೀಟಿ ನಡೆಯಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿಯಲ್ಲಿರುವ ಕೇಂದ್ರದಲ್ಲೇ ಹಾಕಿಸಬೇಕು, ಬೆಂಗಳೂರಿಗೆ ಹೋಗಿ ಬರೋ ಲೆಕ್ಕ ಇಟ್ಟುಕೊಳ್ಳಿ. ಫೋನ್ ಮಾಡದೆ ಬಸ್ ಹತ್ತಬೇಡಿ. ಒಂದು ಬಾಟಲಿಯಲ್ಲಿ ಹಲವರ ಡೋಸ್ ಇರುತ್ತೆ, ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ಎಷ್ಟೋ ಕಡೆ ವಾರದಲ್ಲಿ ನಿಗದಿಯಾದ ದಿನ ನೋಡಿ, ಜನ ಸೇರಿಸಿ ಹಾಕ್ತಾರೆ. ಮೂಲ ಪಾಸ್‌ಪೋರ್ಟ್ ಒಯ್ಯಿರಿ. ಮೊಟ್ಟೆ ಅಲರ್ಜಿ ಜೋರಾಗಿದ್ರೆ, ರೋಗನಿರೋಧಕ ಶಕ್ತಿ ಕುಗ್ಗಿಸೋ ಮಾತ್ರೆ ನುಂಗ್ತಿದ್ರೆ ಮೊದಲೇ ಡಾಕ್ಟರಿಗೆ ಹೇಳಿ. ಒಮ್ಮೆ ಹಾಕಿಸಿದ್ರೆ ಕಾರ್ಡು ಜೀವನಪೂರ್ತಿ ನಡೆಯುತ್ತೆ, 2016ರಿಂದ ನಿಯಮ ಹಾಗೇ ಇದೆ. ಕಾರ್ಡಿಲ್ಲದೆ ವಾಪಸ್ ಬಂದ್ರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

ಇನ್ನೊಂದು, ನಮ್ಮ ಕಡೆಯವರಿಗೇ ಅಂಟಿದ ಕಾಟ: ಇನಿಷಿಯಲ್ಲು. ಆಧಾರಲ್ಲಿ 'ಬಸವರಾಜ ಹೆಚ್.', ಪಾಸ್‌ಪೋರ್ಟಲ್ಲಿ ಅದೇ 'ಹೆಚ್' ಬಿಡಿಸಿ ಅಪ್ಪನ ಹೆಸರು ಪೂರ್ತಿ. ಕಾರ್ಡು, ವೀಸಾ, ಟಿಕೆಟ್, ಅಲ್ಲಿನ ಮಿಲ್ಲಿನವರ ಆಹ್ವಾನ ಪತ್ರ ನಾಲ್ಕರಲ್ಲೂ ಪಾಸ್‌ಪೋರ್ಟಿನ ಅಕ್ಷರವೇ ಇರಲಿ. ಕಾರ್ಡಲ್ಲಿ ಪಾಸ್‌ಪೋರ್ಟ್ ನಂಬರು, ತಾರೀಕು, ಸೀಲು ಕೌಂಟರ್ ಬಿಡೋ ಮೊದಲು ಓದಿ ನೋಡಿ. ಪಾಸ್‌ಪೋರ್ಟಿಗೆ 6 ತಿಂಗಳ ಅವಧಿ ಉಳಿದಿರಬೇಕು.

ವೀಸಾ ಯಾವುದು ಅನ್ನೋದು ಬೇರೆ ತಲೆನೋವು. 50 ಡಾಲರಿನ ಟೂರಿಸ್ಟ್ ವೀಸಾ ಮೇಲೆ ಹೋಗಿ ಮಿಲ್ಲಿಗೆ ಸ್ಪ್ಯಾನರ್ ಹಾಕಿದ್ರೆ ಕಾನೂನು ಪ್ರಕಾರ ತಪ್ಪು. ಕಡಿಮೆ ದಿನದ ಕೆಲಸಕ್ಕೆ ಅಲ್ಲಿ 'ಸ್ಪೆಷಲ್ ಪಾಸ್' ಇದೆ, ಅದನ್ನ ಮಾಡಿಸಬೇಕಾದವರು ಅಲ್ಲಿನ ಮಿಲ್ ಮಾಲೀಕರು. ಈಗಲೇ ಕೇಳಿಸಿ. 'ಏನೂ ಆಗಲ್ಲ ಬನ್ನಿ' ಅಂದ್ರೆ ನಂಬಬೇಡಿ, ಸಿಕ್ಕಿಬೀಳೋದು ನೀವು.

ಹರಿಹರ ವರ್ಕ್‌ಶಾಪ್:
ಟೂಲ್ಸ್ ವಿಷಯ ನಾನು ಹೇಳ್ತೀನಿ. ಅಲ್ಲೂ 50 ಹರ್ಟ್ಸ್, ತ್ರೀ ಫೇಸ್ 415 ವೋಲ್ಟ್, ಮೋಟಾರಿನ ತಂಟೆ ಇಲ್ಲ. ಪ್ಲಗ್ ಮಾತ್ರ ಬೇರೆ, ಮೂರು ಚಪ್ಪಟೆ ಪಿನ್ನಿನದು. ಇಲ್ಲಿಂದಲೇ ಎರಡು ಅಡಾಪ್ಟರ್ ತಗೊಳ್ಳಿ.

ಹೊರಡೋ ಮೊದಲು ವಾಟ್ಸ್ಆ್ಯಪಲ್ಲಿ ನಾಲ್ಕು ಫೋಟೊ ತರಿಸಿ: ಮೋಟಾರಿನ ನೇಮ್ ಪ್ಲೇಟು, ಬೆಲ್ಟಿನ ಮೇಲಿನ ನಂಬರು, ಬೇರಿಂಗ್ ನಂಬರು, ಜರಡಿ ಪಕ್ಕ ಸ್ಕೇಲ್ ಇಟ್ಟು ತೆಗೆದದ್ದು. ಬರೇ 'ಬೆಲ್ಟ್ ಹೋಗಿದೆ' ಅನ್ನೋ ಮಾತು ನಂಬಿ ಹೋದ್ರೆ ಬಿ ಸೆಕ್ಷನ್ ಜಾಗಕ್ಕೆ ಅದಕ್ಕಿಂತ ದಪ್ಪದ ಸಿ ಸೆಕ್ಷನ್ ಬೆಲ್ಟ್ ಒಯ್ದಿರ್ತೀರಿ. ಬೆಲ್ಟು ಪೂರ್ತಿ ಸೆಟ್ ಒಯ್ಯಿರಿ. ಹಳೇದರ ಜೊತೆ ಒಂದು ಹೊಸದು ಹಾಕಿದ್ರೆ ಭಾರವೆಲ್ಲ ಹೊಸದೇ ಎಳೆದು ಬೇಗ ಹರಿಯುತ್ತೆ. ಹ್ಯಾಮರುಗಳನ್ನ (ಮಿಲ್ಲೊಳಗೆ ತಿರುಗಿ ಕಾಳು ಜಜ್ಜೋ ಪಟ್ಟಿಗಳು) ಇಲ್ಲೇ ತೂಗಿ, ಎದುರುಬದುರು ಬರೋ ಜೋಡಿ ಒಂದೇ ತೂಕ ಇರೋ ಹಾಗೆ ನಂಬರು ಕೊರೆದಿಡಿ, ಇಲ್ಲಾಂದ್ರೆ ರೋಟರ್ ಅದುರಿ ಹೊಸ ಬೇರಿಂಗೂ ಹೋಗುತ್ತೆ. ಫೇಸ್ ಕಟ್ ಆದ್ರೆ ಮೋಟಾರ್ ಸುಡದ ಹಾಗೆ ಒಂದು ಸಿಂಗಲ್ ಫೇಸಿಂಗ್ ಪ್ರಿವೆಂಟರ್, ಒಂದು ಮಲ್ಟಿಮೀಟರ್ ಜೊತೆಗಿರಲಿ.

ಸ್ಪ್ಯಾನರ್, ಸ್ಕ್ರೂಡ್ರೈವರ್ ಎಲ್ಲ ಚೆಕ್-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್ ಮಾತ್ರ ಕೈಚೀಲಕ್ಕೆ. ತುಕ್ಕು ಬಿಡಿಸೋ ಸ್ಪ್ರೇ, ಥಿನ್ನರ್ ಎಲ್ಲೂ ಬೇಡ, ಅಲ್ಲೇ ಕೊಳ್ಳಿ. ಸ್ಪೇರ್ ಪಾರ್ಟ್ಸಿಗೆ ಬೆಲೆ ನಮೂದಿಸಿದ ಇನ್‌ವಾಯ್ಸ್ ಇಲ್ಲದಿದ್ರೆ ಎಂಟೆಬ್ಬೆಯಲ್ಲಿ (ಉಗಾಂಡದ ವಿಮಾನ ನಿಲ್ದಾಣ) ಕಸ್ಟಮ್ಸಿನವರು ತಮಗೆ ತೋಚಿದ ಬೆಲೆ ಕಟ್ಟಬಹುದು. ವಾಪಸ್ ತರೋ ದುಬಾರಿ ಉಪಕರಣಕ್ಕೆ, ಬರುವಾಗ ಸುಂಕ ಕೇಳದ ಹಾಗೆ, ಹೋಗುವಾಗಲೇ ಬೆಂಗಳೂರಲ್ಲಿ ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ, ಸೀರಿಯಲ್ ನಂಬರ್ ಸಮೇತ.

ಪಿ.ಬಿ.ರೋಡ್ ಫಿಟ್ಟರ್:
ಟಿಕೆಟ್ ನಿಲ್ಲಿಸಿದೆ, ಇಂಜೆಕ್ಷನ್ನಿಗೆ ಫೋನ್ ಮಾಡ್ತಿದ್ದೀನಿ. ದುಡ್ಡು, ಮಲೇರಿಯಾ, ಊಟ? ಸಸ್ಯಾಹಾರಿ. ಆಮೇಲೆ, ಅಲ್ಲಿಂದ ದಕ್ಷಿಣ ಸೂಡಾನಿನ ಒಂದು ಮಿಲ್ಲೂ ನೋಡ್ಕೊಂಡು ಬಾ ಅಂತಿದ್ದಾರೆ.

ಕೋಟೆನಾಡು:
ದಕ್ಷಿಣ ಸೂಡಾನ್ ಸುಮ್ನೆ ಒಪ್ಪಬೇಡಿ. ನಿಮ್ಮ ಪಾಸ್‌ಪೋರ್ಟ್ ಇಸಿಆರ್ ಆಗಿದ್ರೆ (ಕೆಲವು ದೇಶಕ್ಕೆ ಕೆಲಸಕ್ಕೆ ಹೋಗೋ ಮೊದಲು ಸರ್ಕಾರದ ಒಪ್ಪಿಗೆ ಬೇಕಾಗೋ ಪಾಸ್ಪೋರ್ಟು; ಎಸ್ಸೆಸ್ಸೆಲ್ಸಿ ಪಾಸಾಗಿಲ್ಲದವರಿಗೆ ಸಾಮಾನ್ಯವಾಗಿ ಇರೋದು ಅದೇ) ಆ ದೇಶಕ್ಕೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಅಂಥ ಕ್ಲಿಯರೆನ್ಸ್ ಬೇಕಾದ ದೇಶಗಳ ಪಟ್ಟಿಯಲ್ಲಿ ಉಗಾಂಡ ಇಲ್ಲ. ವೀಸಾನೂ ಬೇರೆ.

ಬೆಣ್ಣೆದೋಸೆ ಕ್ಯಾಂಪ್:
ದುಡ್ಡು: ರೂಪಾಯಿ ನಂಬಿ ಹೋಗಬೇಡಿ. ಡಾಲರ್ ನೋಟು ಒಂದು ಪ್ರಯಾಣಕ್ಕೆ 3,000ದವರೆಗೆ ಒಯ್ಯಬಹುದು, ಮಿಕ್ಕಿದ್ದು ಫಾರೆಕ್ಸ್ ಕಾರ್ಡಿಗೆ. ಬ್ಯಾಂಕಲ್ಲಿ ಸ್ಟಾಕ್ ಇದೆಯಾ ಅಂತ ಮೊದಲೇ ಕೇಳಿ. ನೋಟಿನ ಮೇಲೆ ಸೀರೀಸ್ ವರ್ಷ ಅಚ್ಚಾಗಿರುತ್ತೆ, 2013 ಅಥವಾ ಆಮೇಲಿನದೇ ತಗೊಳ್ಳಿ. ಹಳೇದು, ಹರಿದದ್ದು, ಪೆನ್ನಿನ ಗುರುತಿರೋದು ಅಲ್ಲಿ ಹಿಂದಕ್ಕೆ ತಳ್ತಾರೆ. 50, 100ರ ನೋಟಿಗೆ ರೇಟು ಜಾಸ್ತಿ, ಚಿಲ್ಲರೆ ನೋಟಿಗೆ ಕಡಿಮೆ.

ಊಟಕ್ಕೆ ಹೆದರಬೇಡಿ. ಚಪಾತಿ, ಹುರುಳಿಕಾಯಿ ಬೀಜದ ಸಾರು ಎಲ್ಲಾ ಕಡೆ ಸಿಗುತ್ತೆ. 'ಪೋಶೊ' ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ನಿಮ್ಮ ಮಿಲ್ ಅರೆಯೋದೇ ಅದಕ್ಕೆ. 'ರೋಲೆಕ್ಸ್' ಅಂತ ಯಾರಾದ್ರೂ ಕೊಟ್ರೆ ಅದು ವಾಚಲ್ಲ, ಚಪಾತಿಯೊಳಗೆ ಸುತ್ತಿದ ಆಮ್ಲೆಟ್ಟು. ಇಲ್ಲಿಂದ ಚಟ್ನಿಪುಡಿ, ಖಡಕ್ ರೊಟ್ಟಿ ಒಯ್ದ್ರೆ ಸಾಕು.

ಮಲೇರಿಯಾ ಮಾತ್ರ ಹಗುರ ಮಾಡ್ಕೋಬೇಡಿ. ಅಲ್ಲಿರೋದು ಹೆಚ್ಚಾಗಿ ಫಾಲ್ಸಿಪರಮ್ ಅನ್ನೋ ಜೀವಕ್ಕೇ ಕುತ್ತು ತರೋ ಜಾತಿ, ಕ್ಲೋರೊಕ್ವಿನ್ ಮಾತ್ರೆ ಅದನ್ನ ತಡೆಯಲ್ಲ. ಡಾಕ್ಟರ್ ಹತ್ರ ಕೇಳಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೊಂದು, ಹೊರಡೋ ಒಂದೆರಡು ದಿನ ಮೊದಲಿಂದ, ವಾಪಸ್ ಬಂದ ಮೇಲೂ 4 ವಾರ. ಊಟದ ಜೊತೆ, ತುಂಬಿದ ಲೋಟ ನೀರಲ್ಲಿ ನುಂಗಿ. ನುಂಗಿ ತಕ್ಷಣ ಮಲಗಿದ್ರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಹಾಲು, ಆ್ಯಂಟಾಸಿಡ್ ಜೊತೆ ಬೇಡ. ಈ ಮಾತ್ರೆ ನುಂಗುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತೆ, ತುಂಬುತೋಳು ಹಾಕಿ. ವಿಕ್ಟೋರಿಯಾ ಸರೋವರದಲ್ಲಿ ಕಾಲೂ ಇಳಿಸಬೇಡಿ, ಚರ್ಮದ ಮೂಲಕ ಒಳಹೋಗೋ ಹುಳು ಇದೆ.

ಊರಿಗೆ ಬಂದ ಮೇಲೆ ಮೂರು ತಿಂಗಳೊಳಗೆ ಜ್ವರ ಬಂದ್ರೆ 'ವೈರಲ್ ಇರಬೇಕು' ಅಂತ ಮಾತ್ರೆ ನುಂಗಿ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಬಾಯಿ ಬಿಟ್ಟು ಉಗಾಂಡ ಅಂತ ಹೇಳಿ ರಕ್ತದ ಸ್ಮಿಯರ್ (ಮಲೇರಿಯಾ ಪರೀಕ್ಷೆ) ಮಾಡಿಸಿ. ಒಮ್ಮೆ ನೆಗೆಟಿವ್ ಬಂದು ಜ್ವರ ಇಳೀದಿದ್ರೆ ಮತ್ತೆ ಮಾಡಿಸಿ.