ತೇಕ್ವಾಂಡೋ ತರಗತಿಯ ಕೊರಿಯನ್ ಅಪ್ಪಣೆಗಳು: ಕನ್ನಡದಲ್ಲಿ ಏನೆನ್ನಬೇಕು?

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಮಕ್ಕಳ ತೇಕ್ವಾಂಡೋ ತರಗತಿಯೊಂದಕ್ಕೆ ಗೋಡೆಯ ಫ್ಲೆಕ್ಸ್ ಬರೆದುಕೊಡುತ್ತಿದ್ದೇನೆ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಎಡಗಡೆ ಕನ್ನಡ ಲಿಪಿಯಲ್ಲಿ ಕೊರಿಯನ್ ಮಾತು, ಬಲಗಡೆ ಅರ್ಥ. ಜುನ್ಬಿಗೆ 'ಸಿದ್ಧ', ಶಿಜಾಕ್‌ಗೆ 'ಶುರು', ಗೆಸೋಕ್‌ಗೆ 'ಮುಂದುವರಿಸಿ', ಗುಮಾನ್‌ಗೆ 'ಸಾಕು' ಎಂದು ಹಾಕಿದ್ದಾಯಿತು. ಸಿಕ್ಕಿಕೊಂಡಿರುವುದು ಚಾರ್ಯೊತ್, ಕಲ್ಯೊ, ಪೂಮ್ಸೆ ಮತ್ತು 'ಚಾಗಿ' ಎಂದು ಮುಗಿಯುವ ಒದೆಗಳ ಹೆಸರು. ಚಾರ್ಯೊತ್‌ಗೆ ಶಾಲೆಯ ಕವಾಯತಿನ 'ಸಾವಧಾನ್' ನಡೆಯುತ್ತದೆಯೆ? ದಯವಿಟ್ಟು ಬೇಗ ಹೇಳಿ.

ಧಾರವಾಡದಿಂದ:

ನಡೆಯುವುದಿಲ್ಲ. 'ಸಾವಧಾನ್' ಹಿಂದಿಯದು. ಕನ್ನಡದಲ್ಲಿ ಸಾವಧಾನ ಅಂದರೆ ಸಮಾಧಾನ, ನಿಧಾನ. 'ಸಾವಧಾನ ಊಟಾ ಮಾಡ್ರಿ' ಅಂತ ಅತಿಥಿಗೆ ಹೇಳೋ ಮಾತನ್ನ ಹುಡುಗರನ್ನು ಸೆಟೆದು ನಿಲ್ಲಿಸೋದಕ್ಕೆ ಬಳಸೋದು ಅಸಂಬದ್ಧ. 'ನೆಟ್ಟಗೆ ನಿಲ್ಲು' ಬರೆಯಿರಿ. ಪೂಮ್ಸೆಗೆ ಹೊಸ ಪದ ಹುಡುಕಬೇಕಾಗಿಯೇ ಇಲ್ಲ, 'ವರಸೆ' ಇದೆ. ದೊಣ್ಣೆವರಸೆ, ಕತ್ತಿವರಸೆ ಅಂದಾಗಿನ ವರಸೆ ಇದೇ: ಗೊತ್ತಾದ ಕ್ರಮದಲ್ಲಿ ಮಾಡುವ ಅಭ್ಯಾಸ. ಸಂಗೀತದ ಸರಳೆ ವರಸೆಯೂ ಹಾಗೆಯೇ. ದೋಜಾಂಗ್‌ಗೆ ಗರಡಿ. ಮುಗಿಯಿತು.

ತುಮಕೂರಿನಿಂದ:

> ಸಿದ್ಧ, ಶುರು

ಒಂದು ಸಂಸ್ಕ್ರುತ, ಇನ್ನೊಂದು ಅರಬ್ಬಿ. ಕನ್ನಡ ಎಲ್ಲಿ? 'ಅಣಿ', 'ತೊಡಗು' ಎಂದು ಬರೆದರೆ ಯಾವ ಮಗುವಿಗೂ ತಿಳಿಯುತ್ತದೆ. ಒದೆಗಳಿಗೆ: ಮುನ್ನೊದೆ, ಬದಿಯೊದೆ, ಹಿನ್ನೊದೆ, ಸುತ್ತೊದೆ, ಇಳಿಯೊದೆ. ಎಡಸಾಲನ್ನೇ ತೆಗೆದುಹಾಕಿ. ನಮ್ಮ ಮಕ್ಕಳು ಒದೆಯಲು ಕೊರಿಯನ್ ಬಾಶೆ ಕಲಿಯಬೇಕೆ?

ಸುವೋನ್‌ನಿಂದ (ದಕ್ಷಿಣ ಕೊರಿಯಾ):

ಎಡಸಾಲು ತೆಗೆಯಬೇಡಿ ಮೇಡಂ. ವರ್ಲ್ಡ್ ತೇಕ್ವಾಂಡೋ ನಿಯಮದ ಪಂದ್ಯ ಯಾವ ದೇಶದಲ್ಲೇ ನಡೆಯಲಿ, ರೆಫರಿ ಕೂಗುವುದು ಕೊರಿಯನ್ನಿನಲ್ಲೇ. ಚಂಗ್ ಎಂದರೆ ನೀಲಿ, ಹೋಂಗ್ ಎಂದರೆ ಕೆಂಪು. 'ಕಲ್ಯೊ' (ಬೇರಾಗಿ) ಎಂದಮೇಲೂ ಹೊಡೆದರೆ 'ಗಾಮ್ಜಮ್' ಎಂಬ ದಂಡ ಬೀಳುತ್ತದೆ, 2017ರ ನಿಯಮದಿಂದೀಚೆಗೆ ಅಂಥ ಒಂದೊಂದಕ್ಕೂ ಎದುರಾಳಿಗೆ ಒಂದು ಅಂಕ. 'ಬೇರಾಗು' ಎಂದಷ್ಟೇ ಕಲಿತ ಹುಡುಗಿ ಅಂಕಣಕ್ಕೆ ಇಳಿದ ದಿನ ಏನು ಮಾಡಬೇಕು?

ಚಾರ್ಯೊತ್ ಬಂದದ್ದು 'ಚಾರಿದ' ಎಂಬ ಅಚ್ಚ ಕೊರಿಯನ್ ಕ್ರಿಯಾಪದದಿಂದ. ಸಜ್ಜುಮಾಡಿಕೊಳ್ಳುವುದು, ಮನಸ್ಸನ್ನು ಎಚ್ಚರಕ್ಕೆ ತಂದುಕೊಳ್ಳುವುದು ಎರಡೂ ಅದರಲ್ಲಿವೆ. ತೂಕಡಿಸುವವನಿಗೆ 'ಜಂಗ್ಶಿನ್ ಚಾರ್ಯೊ' ಅನ್ನುತ್ತಾರೆ, ಬುದ್ಧಿ ನೆಟ್ಟಗಿಟ್ಟುಕೋ ಎಂದು. ಹಾಗಾಗಿ 'ಎಚ್ಚರ!' ಹತ್ತಿರ. ಇದು ಹೊಡೆದಾಟದ ಪರಿಭಾಷೆಯೂ ಅಲ್ಲ. ಇಲ್ಲಿನ ಶಾಲೆಗಳಲ್ಲಿ ಕ್ಲಾಸ್ ಲೀಡರ್ ಎದ್ದು 'ಚಾರ್ಯೊತ್, ಗ್ಯೊಂಗ್ನ್ಯೆ' ಎಂದು ಕೂಗಿ ಮೇಷ್ಟರಿಗೆ ವಂದನೆ ಹೇಳಿಸುವ ರೂಢಿ ಇತ್ತು.

ತುಮಕೂರಿನವರಿಗೆ: ಜುನ್ಬಿ, ಶಿಜಾಕ್, ಗೆಸೋಕ್, ಗ್ಯೊಂಗ್ನ್ಯೆ ಈ ನಾಲ್ಕೂ ಚೀನಿ ಮೂಲದವು. ಒದೆಯುವಾಗಿನ ಕೂಗಿಗೆ ಹೇಳುವ 'ಗಿಹಾಪ್' ಜಪಾನಿನ 'ಕಿಆಯ್' ಬರೆಯುವ ಅದೇ ಎರಡು ಚೀನಿ ಅಕ್ಷರಗಳ ಕೊರಿಯನ್ ಓದು. ಆದರೆ ನಿಮ್ಮಂಥವರು ಇಲ್ಲೂ ಇದ್ದಾರೆ. ಮೊದಲು ವರಸೆಗೆ ಜಪಾನಿನ 'ಕಾತಾ'ದ ಅಕ್ಷರವನ್ನೇ ಓದಿ 'ಹ್ಯೊಂಗ್' ಅನ್ನುತ್ತಿದ್ದರು. ಆಮೇಲೆ ಸೋಲ್‌ನ ತೇಕ್ವಾಂಡೋ ಕೇಂದ್ರವಾದ ಕುಕ್ಕಿವಾನ್ ಕಡೆಯವರು 'ಪೂಮ್ಸೆ' ತಂದರು, ಐಟಿಎಫ್ ಎಂಬ ಇನ್ನೊಂದು ತೇಕ್ವಾಂಡೋ ಒಕ್ಕೂಟದವರು 'ತುಲ್' ಅಂದರು. ತುಲ್ ಎಂದರೆ ಚೌಕಟ್ಟು, ಅಚ್ಚು, ಅಪ್ಪಟ ಕೊರಿಯನ್.

ಬೆಂಗಳೂರಿನಿಂದ:

ಯಾರೂ ಮೂಲಕ್ಕೆ ಹೋಗುತ್ತಿಲ್ಲ. ಕೊರಿಯನ್ನಿನಲ್ಲಿ 'ನಾ' ಅಂದರೆ ನಾನು, 'ನೊ' ಅಂದರೆ ನೀನು, ಅಪ್ಪನಿಗೆ 'ಅಪ್ಪಾ'. ಕ್ರಿಯಾಪದ ವಾಕ್ಯದ ಕೊನೆಗೆ. ಕೊರಿಯಾದಲ್ಲಿದ್ದ ಅಮೆರಿಕದ ಮಿಷನರಿ ಹೋಮರ್ ಹಲ್ಬರ್ಟ್ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಿದ್ದಾನೆ. 'ಚಾಗಿ' ನಮ್ಮ 'ಚಾಚು'ವಿನ ದಾಯಾದಿ ಎಂಬುದು ನನ್ನ ವಾದ. ಕಾಲು ಚಾಚದೆ ಒದೆಯುವುದು ಹೇಗೆ? ಫ್ಲೆಕ್ಸ್‌ನಲ್ಲಿ 'ಮುಂಚಾಚು' ಎಂದು ಹಾಕಿ.

ಧಾರವಾಡದಿಂದ:

ಹಾಕಬ್ಯಾಡ್ರಿ. 'ಅಪ್ಪ' ಎಂಬಂಥ ತೊದಲು ಅರ್ಧ ಪ್ರಪಂಚದ ಭಾಷೆಗಳಲ್ಲಿದೆ. ಕ್ರಿಯಾಪದ ಕೊನೆಗೆ ಬರೋದು ಜಪಾನಿ, ತುರ್ಕಿ ಭಾಷೆಗಳಲ್ಲೂ ಉಂಟು, ಅವರೆಲ್ಲ ನಮ್ಮ ಬೀಗರೇನು? ಹಲ್ಬರ್ಟನ ವಾದವನ್ನು ಭಾಷಾವಿಜ್ಞಾನಿಗಳು ಕೈಬಿಟ್ಟು ಬಹಳ ಕಾಲವಾಯಿತು.

ಸುವೋನ್‌ನಿಂದ:

ಚಾಗಿಯಲ್ಲಿ ಧಾತು 'ಚಾ' ಮಾತ್ರ, ಒದೆ ಎಂದರ್ಥ. 'ಗಿ' ಭಾವನಾಮದ ಪ್ರತ್ಯಯ. ಮಾಕ್ಕಿ (ತಡೆ), ಜಿರುಗಿ (ಗುದ್ದು) ಎಲ್ಲದರ ಬಾಲವೂ ಅದೇ. ಚಾಚುವಿಗೂ ಅದಕ್ಕೂ ನಂಟಿಲ್ಲ. 'ಒದೆತ' ಎಂದರೆ ಪ್ರತ್ಯಯಕ್ಕೆ ಪ್ರತ್ಯಯ ಸರಿಹೋಗುತ್ತದೆ: ಆಪ್ ಚಾಗಿ ಮುಂದೊದೆತ, ಯೊಪ್ ಚಾಗಿ ಪಕ್ಕದ ಒದೆತ, ದೊಲ್ಯೊ ಚಾಗಿ ಸುತ್ತೊದೆತ. 'ಒದೆ' ಎಂದಷ್ಟೇ ಬರೆದರೆ ಒದೆ ತಿನ್ನುವುದು ನೆನಪಾಗಿ ಪೋಷಕರು ಗಾಬರಿಯಾದಾರು.

ಮಂಗಳೂರಿನಿಂದ:

ಲಿಪಿಯ ಬಗ್ಗೆ ಯಾರೂ ಹೇಳುವುದಿಲ್ಲವಲ್ಲ ಮಾರಾಯ್ರೆ. 'ಗುಮಾನ್' ಎಂದು ಬರೆದರೆ ಅನುಮಾನದ ಗುಮಾನಿ ಆಗ್ತದೆ. ಅಲ್ಲಿರುವುದು ತುಟಿ ದುಂಡಗೆ ಮಾಡದ ಉಕಾರ, ನಮ್ಮ ತುಳುವಿನಲ್ಲಿ ಹತ್ತಕ್ಕೆ ಹೇಳುವ 'ಪತ್ತ್' ಪದದ ಕೊನೆಗೆ ಕೇಳುವಂಥದ್ದೇ. ಅದನ್ನು ನಾವು ಅರ್ಧಾಕ್ಷರ ಹಾಕಿ ಬರೆಯುತ್ತೇವೆ. 'ಗ್‌ಮಾನ್' ಎಂದು ಹಾಕಿ, ಕರಾವಳಿಯ ಮಕ್ಕಳಂತೂ ಸರಿಯಾಗಿ ಓದಿಯಾರು. ಗ್ಯೊಂಗ್ನ್ಯೆಯನ್ನು ಇಂಗ್ಲಿಷ್ ಸ್ಪೆಲಿಂಗ್ ನೋಡಿ 'ಕ್ಯುಂಗ್ ರೈ' ಮಾಡಬೇಡಿ. ಬರೆಯುವುದು ರಕಾರ, ಅನುನಾಸಿಕದ ನಂತರ ಬಂದರೆ ನಕಾರವಾಗಿ ಕೇಳ್ತದೆ. ಅವರ ಭಾಷೆಯ ಹೆಸರೇ 'ಹಾಂಗುಕ್' ಮತ್ತು 'ಮಾಲ್' ಸೇರಿ 'ಹಾಂಗುಙ್ಮಾಲ್'. ವಾಕ್ ಮತ್ತು ಮಯ ಸೇರಿ ವಾಙ್ಮಯ ಆದ ಹಾಗೆ.

ತುಮಕೂರಿನಿಂದ:

ತಡೆಗೆ ತಡೆ ಸಿಕ್ಕಿತು, ಗುದ್ದಿಗೆ ಗುದ್ದು ಸಿಕ್ಕಿತು. ಹಾಗಿದ್ದೂ ಎರವಲು ಏಕೆ? ಗರಡಿಯವರು ಯಾರ ಬಾಶೆಯನ್ನೂ ಬೇಡದೆ ನೂರಾರು ವರುಶ ಕುಸ್ತಿ ಆಡಲಿಲ್ಲವೆ?

ಧಾರವಾಡದಿಂದ:

'ಕುಸ್ತಿ' ಪಾರ್ಸಿ. 'ಪೈಲ್ವಾನ' ಪಾರ್ಸಿ. 'ವಸ್ತಾದ್' ಪಾರ್ಸಿ. 'ತಾಲೀಮು' ಅರಬ್ಬಿ. 'ಅಖಾಡ' ಉತ್ತರದ್ದು. ಇಷ್ಟನ್ನೂ ಹೊರಗೆ ಹಾಕಿದರೆ ನಿಮ್ಮ ಗರಡಿಯಲ್ಲಿ ಉಳಿಯೋದು ಪಟ್ಟು ಮತ್ತು ಮಣ್ಣು. ಪದ ಕೊಟ್ಟವರೂ ಪಡಕೊಂಡವರೂ ಒಂದೇ ಮಣ್ಣಲ್ಲಿ ಹೊರಳಾಡಿದರು. 'ಪೂಮ್ಸೆವರಸೆ' ಅಂತ ಜೋಡಿಸಿದರೆ ಮಾತ್ರ ನಾನು ಕೇಶಿರಾಜನನ್ನು ಕರೆಯಬೇಕಾಗುತ್ತದೆ, ಕೊರಿಯನ್ ಅರಿಸಮಾಸ ಅವನಿಗೂ ಹೊಸದು.

ತುಮಕೂರಿನಿಂದ:

ನಗೆಯಾಡಿದರೆ ಮಾರುತ್ತರವಾಗದು. ಹಿಂದೆ ಬಂದ ಎರವಲನ್ನು ತೋರಿಸಿ ಇಂದಿನ ಎರವಲಿಗೆ ಬಾಗಿಲು ತೆರೆಯುವುದು ಸೋಮಾರಿಗಳ ಚಾಳಿ.

ಶಿವಮೊಗ್ಗದಿಂದ:

ಜಗಳ ನೀವು ಮುಂದುವರಿಸಿ, ನಾನು ಹೊರಟೆ. ಎಡಸಾಲು ಉಳಿಸಿಕೊಳ್ಳುತ್ತೇನೆ. ಬಲಸಾಲು: ಎಚ್ಚರ, ವಂದನೆ, ಅಣಿ, ಶುರು, ಬೇರಾಗಿ, ಮುಂದುವರಿಸಿ, ಸಾಕು. ಪೂಮ್ಸೆಗೆ ವರಸೆ, ಚಾಗಿಗೆ ಒದೆತ. 'ತೊಡಗು' ಹಾಕಲಿಲ್ಲ, ಪಕ್ಕದ ಮನೆಯ ಮಗುವನ್ನು ಕೇಳಿದೆ, ಅದಕ್ಕೆ ತಿಳಿಯಲಿಲ್ಲ. ಇನ್ನೊಂದೇ ಒಂದು: ಎಣಿಕೆಗೆ ಹಾನಾ, ದುಲ್, ಸೆತ್, ನೆತ್ ಎಂದು ಕಲಿಸಿದ್ದಾರೆ, ಆದರೆ ವರಸೆಗಳ ಹೆಸರು 'ತೇಗುಕ್ ಇಲ್ ಜಾಂಗ್, ಇ ಜಾಂಗ್' ಎಂದಿದೆ. ಯಾವುದು ಸರಿ?

ಸುವೋನ್‌ನಿಂದ:

ಎರಡೂ ಸರಿ. ಮೊದಲನೆಯದು ಅಚ್ಚ ಕೊರಿಯನ್ ಎಣಿಕೆ, ಒದೆತ ಎಣಿಸುವುದಕ್ಕೆ. ಇಲ್, ಇ, ಸಾಮ್, ಸಾ ಚೀನಿ ಮೂಲದ್ದು, ವರಸೆಯ ಕ್ರಮಸಂಖ್ಯೆಗೆ. ತೇಗುಕ್ ವರಸೆಗಳು ಎಂಟು, ಕೊನೆಯದು 'ಪಾಲ್ ಜಾಂಗ್'. ನಾವು ಒಂದು, ಎರಡು ಎಂದು ಎಣಿಸಿ, ಪುಸ್ತಕದಲ್ಲಿ ಪ್ರಥಮ ಅಧ್ಯಾಯ, ದ್ವಿತೀಯ ಅಧ್ಯಾಯ ಎಂದು ಬರೆಯುವುದಿಲ್ಲವೆ, ಹಾಗೆ. ಬೆರೆಸಿ 'ಹಾನಾ ಜಾಂಗ್' ಎಂದು ಮಾತ್ರ ಅಚ್ಚು ಹಾಕಿಸಬೇಡಿ.