ಅಪ್‌ಡೇಟ್: ಅಡಿಕೆ ಸೋಗೆಯ ಆರ್‌ಎನ್‌ಎ ಕೊನೆಗೂ ಸಿಕ್ಕಿತು

ತೀರ್ಥಹಳ್ಳಿಯ ನಮ್ಮ ತೋಟದಲ್ಲಿ ಎಲೆಚುಕ್ಕಿ ರೋಗ ತಗುಲಿದ ಅಡಿಕೆ ಸೋಗೆಯಿಂದ ಆರ್‌ಎನ್‌ಎ (ಜೀನ್‌ಗಳ ಸಂದೇಶ ಒಯ್ಯುವ ಅಣು) ತೆಗೆದರೆ ಕಂದು ಲೋಳೆಯಷ್ಟೇ ಉಳಿಯುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಪಾಲಿಫಿನಾಲ್‌ಗಳ ಕಾಟ ಎಂದವರ ಮಾತೇ ನಿಜವಾಯಿತು. ಅಡಿಕೆಗೆ ಒಗರು ಕೊಡುವ ರಾಸಾಯನಿಕಗಳ ಬಳಗವೇ ಅದು. ಎಲೆ ಜಜ್ಜಿದೊಡನೆ ಗಾಳಿ ತಾಗಿ ಕಂದಾಗಿ ಆರ್‌ಎನ್‌ಎಗೆ ಅಂಟಿಕೊಳ್ಳುತ್ತದೆ.

ಈ ಸಲ ಚುಕ್ಕಿ ಆಗಷ್ಟೇ ಮೂಡಿದ ಎಲೆಯನ್ನು ದ್ರವ ಸಾರಜನಕದಲ್ಲಿ ಹಿಟ್ಟಿನಂತೆ ಅರೆದೆ. ಜೀವಕೋಶ ಒಡೆಯುವ ಸಿಟಿಎಬಿ ದ್ರಾವಣಕ್ಕೆ ಪಾಲಿಫಿನಾಲ್ ಹಿಡಿದಿಡುವ ಪಿವಿಪಿ, ಕಂದಾಗದಂತೆ ತಡೆಯುವ ಬೀಟಾ-ಮರ್ಕ್ಯಾಪ್ಟೋಎಥನಾಲ್ ಬೆರೆಸಿದೆ. ಆರ್‌ಎನ್‌ಎಯನ್ನು ದ್ರಾವಣದಿಂದ ಬೇರ್ಪಡಿಸುವ ಲಿಥಿಯಂ ಕ್ಲೋರೈಡ್ ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟೆ. ಬೆಳಿಗ್ಗೆ ಟ್ಯೂಬಿನ ತಳದಲ್ಲಿ ಬೆಳ್ಳನೆಯ ಚುಕ್ಕೆ! ಅಣುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ರೈಬೋಸೋಮಿನ ಆರ್‌ಎನ್‌ಎಯ 25ಎಸ್, 18ಎಸ್ ಪಟ್ಟಿಗಳು ಸ್ಪಷ್ಟವಾಗಿವೆ, ಅಂದರೆ ಆರ್‌ಎನ್‌ಎ ಒಡೆದಿಲ್ಲ. ಕೆಳಗಿನ ಸಣ್ಣ ಪಟ್ಟಿಗಳು ಎಲೆಯ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟಿನವು, ಅವನ್ನು ಕಂಡು ಗಾಬರಿಯಾಗಬೇಡಿ.

ಉತ್ತರಿಸಿದ ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ನಾಳೆ ಉಳಿದ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವ ಕೊಟ್ಟು, ಆರ್‌ಎನ್‌ಎಯಿಂದ ಸಿಡಿಎನ್‌ಎ (ಅದರ ಡಿಎನ್‌ಎ ಪ್ರತಿ) ಮಾಡುತ್ತೇನೆ.