ಅಧ್ಯಕ್ಷರು ಹುದ್ದೆಯಲ್ಲಿದ್ದಾಗ ಕೇಸಿನ ಕಾಲಮಿತಿ ನಿಲ್ಲಬೇಕಲ್ವಾ?

ಪ್ರಶ್ನೆ: ಅಮೆರಿಕದಲ್ಲಿ ಹುದ್ದೆಯಲ್ಲಿರುವ ಅಧ್ಯಕ್ಷರ ಮೇಲೆ ಕ್ರಿಮಿನಲ್ ಆರೋಪ ಹೊರಿಸಬಾರದು ಅನ್ನೋದು 1973ರಿಂದಲೂ ಅಲ್ಲಿನ ನ್ಯಾಯ ಇಲಾಖೆಯ ನಿಲುವು. ಆದರೆ ಹೆಚ್ಚಿನ ಫೆಡರಲ್ (ಕೇಂದ್ರ ಕಾನೂನಿನ) ಅಪರಾಧಗಳಿಗೆ ಕಾಲಮಿತಿ, ಅಂದ್ರೆ ಆರೋಪ ಹೊರಿಸಲು ಇರುವ ಗಡುವು, 5 ವರ್ಷ. ಎರಡು ಅವಧಿ ಅಂದ್ರೆ 8 ವರ್ಷ. ಅವರು ಕೆಳಗಿಳಿಯುವಷ್ಟರಲ್ಲಿ ಕೇಸೇ ಸತ್ತುಹೋಗಿರುತ್ತದಲ್ಲ?

ಉತ್ತರ 1: ನಿಮ್ಮ ಲೆಕ್ಕ ಸರಿ ಸರ್. ಚುನಾವಣೆ ಸಮಯದಲ್ಲೇ ತಪ್ಪು ಮಾಡಿ ಎರಡು ಸಲ ಗೆದ್ದವರು ಪೂರ್ತಿ ಪಾರು. 2021ರಲ್ಲಿ ಕೆಳಮನೆ ಈ ಕಾಲಮಿತಿ ನಿಲ್ಲಿಸುವ ಮಸೂದೆ ಪಾಸು ಮಾಡಿತ್ತು, ಮೇಲ್ಮನೆ ಸೆನೆಟ್‌ನಲ್ಲಿ ಮುಂದೆ ಹೋಗಲಿಲ್ಲ. ತುಂಬಾ ಬೇಸರದ ವಿಷಯ.

ಉತ್ತರ 2: ಫ್ರಾನ್ಸ್ ನೋಡಿ. ಅಲ್ಲಿ ಸಂವಿಧಾನದ 67ನೇ ವಿಧಿಯಲ್ಲೇ ಬರೆದಿದ್ದಾರೆ: ಹುದ್ದೆಯಲ್ಲಿ ಇರುವಷ್ಟು ದಿನ ಕಾಲಮಿತಿ ನಿಲ್ಲುತ್ತದೆ, ಇಳಿದ ಒಂದು ತಿಂಗಳ ಮೇಲೆ ಕೇಸು ಮತ್ತೆ ಶುರು ಮಾಡಬಹುದು. ಅಲ್ಲಿನ ಅಧ್ಯಕ್ಷ ಜಾಕ್ ಶಿರಾಕ್ 2007ರಲ್ಲಿ ಇಳಿದರು, ಪ್ಯಾರಿಸ್ ಮೇಯರ್ ಆಗಿದ್ದಾಗಿನ ಹಗರಣದಲ್ಲಿ 2011ರಲ್ಲಿ ಅವರಿಗೆ ಶಿಕ್ಷೆಯಾಯಿತು. ಅಮಾನತಿನಲ್ಲಿಟ್ಟ ಶಿಕ್ಷೆ (ಜೈಲಿಗೆ ಹೋಗಬೇಕಾಗಿರಲಿಲ್ಲ), ಆದರೂ ತೀರ್ಪು ಬಂತಲ್ಲ!

ಉತ್ತರ 3: ಒಪ್ಪುತ್ತೇನೆ, ಆದರೆ ಸುಮ್ನೆ ಕಾಲಮಿತಿ ನಿಲ್ಲಿಸಿದರೆ ಸಾಲದು. ಅಷ್ಟು ವರ್ಷದಲ್ಲಿ ಸಾಕ್ಷಿಗಳು ಮರೆಯುತ್ತಾರೆ, ಕೆಲವರು ತೀರಿಕೊಳ್ಳುತ್ತಾರೆ, ಕಡತ ಕಾಣೆಯಾಗುತ್ತದೆ. ಅಧ್ಯಕ್ಷರು ಇರುವಾಗಲೇ ತನಿಖೆ ನಡೆಸಿ ಹೇಳಿಕೆಗಳನ್ನು ದಾಖಲಿಸಿ ಇಡಬೇಕು.